ರಕಾರ

ಆನೆ ಬಂದರೆ ನಮಗೆ ಮೆಸೇಜು ಬರುತ್ತದೆ:
‘ಎರಡು ಹೆಣ್ಣು, ಒಂದು ಮರಿ, ಕೆರೆ ಪಕ್ಕದ ತೋಟ.
ಮಕ್ಕಳನ್ನು ಬೇಗ ಬಿಡಿ.’
ಬಿಡುತ್ತೇವೆ. ಜೀಪು ಬರುತ್ತದೆ. ಎಣಿಸಿ ಹತ್ತಿಸುತ್ತೇವೆ,
ಮೂವತ್ತೊಂದು ತಲೆ, ಮೂವತ್ತೊಂದು ಚೀಲ.

ಇದಕ್ಕೆ ಯಾವ ಮೆಸೇಜೂ ಬರಲಿಲ್ಲ.

ಜೂನ್ ತಿಂಗಳ ಮೊದಲ ಸೋಮವಾರ,
ಮಾಲ್ದಾರೆಯ ಶಾಲೆ, ಮೂರನೇ ತರಗತಿ,
ಮೂಲೆಯಲ್ಲಿ ಒದ್ದೆ ಕೊಡೆಗಳು ಬಾವಲಿಗಳ ಹಾಗೆ.
ಲೈನ್‌ಮನೆಯಿಂದ ಬಂದ ಹೊಸ ಹುಡುಗ.
‘ಹೆಸರೇನಪ್ಪಾ?’
‘ಯಂಜೀಶ.’
‘ಏನು?’
‘ಯಂಜೀಶ, ಮಿಸ್. ಊಯು ಮಾಲ್ದಾಯೆ.’

ನಾನು ನಕ್ಕೆ.
ಜೋರಾಗಿ ಅಲ್ಲ, ಮುದ್ದಿಗೆ ನಕ್ಕಂತೆ,
ಹಲ್ಲು ಕಾಣದಷ್ಟು.
ಆದರೆ ಮೂವತ್ತು ಮಕ್ಕಳು ಆಗ ನೋಡುತ್ತಿದ್ದದ್ದು
ಅವನನ್ನಲ್ಲ, ನನ್ನನ್ನು.

ಆಮೇಲೆ ತಿಳಿಯಿತು, ಈ ಜಿಲ್ಲೆಯ ತುಂಬ ರಕಾರ.
‘ಕಾವೇರಿ ಹೇಳು.’ ‘ಮಡಿಕೇರಿ ಹೇಳು.’
‘ರಾಜಾಸೀಟು ಹೇಳಿದರೆ ಕಿತ್ತಳೆ ಕೊಡ್ತೀನಿ.’
ಮೊದಮೊದಲು ಹೇಳುತ್ತಿದ್ದ.
ಸಿಪ್ಪೆ ಸಿಗುತ್ತಿತ್ತು.

ಅಡುಗೆಯ ಆಸ್ಯಮ್ಮ ಒಂದು ಮಧ್ಯಾಹ್ನ
ಸೌಟು ಹಿಡಿದೇ ಬಂದು ನನ್ನ ಮೇಜಿನ ಮುಂದೆ ನಿಂತಳು.
‘ಟೀಚರೇ, ಅವ ಸಾರು ಕೇಳಿದರೆ
ಇವರೆಲ್ಲ ತಟ್ಟೆ ಬಡಿದು ಸಾಯು, ಸಾಯು ಅಂತಾರೆ.
ಎರಡು ವಾರ ಆಯ್ತು, ಬರೀ ಅನ್ನ ತಿಂತಾನೆ.
ನಿಮಗೆ ಕೇಳಿಸಲ್ವಾ?’

ಕೇಳಿಸಿತ್ತು. ಮಕ್ಕಳ ಗಲಾಟೆ ಎಂದು ಕೇಳಿಸಿತ್ತು.

ಗೋಡೆಯಲ್ಲಿ ದೂರು ಪೆಟ್ಟಿಗೆ ಇದೆ, ಇಲಾಖೆಯದು,
ಬೀಗವಿದೆ, ಬೀಗದ ಕೈ ಹೆಡ್‌ಮಾಸ್ಟರ ಬಳಿ ಇದೆ.
ಮೂರನೇ ತರಗತಿಯವರಿಗೆ ಅದು ಎಟುಕುವುದಿಲ್ಲ.
ನಾಲ್ಕು ವರ್ಷದಿಂದ ಇದನ್ನು ಯಾರೂ ಗಮನಿಸಿರಲಿಲ್ಲ.

ಭಾನುವಾರ ತಶ್ವಿನ್ ಮನೆಗೆ ಹೋದೆ, ಕಾರಣ ಹುಡುಕಿಕೊಂಡು.
ಅವನೇ ಮುಂದಾಳು, ತಟ್ಟೆ ಬಡಿಯುವುದಕ್ಕೆ.
ತಾಯಿ ಕಾಫಿ ಕೊಟ್ಟರು, ತಂದೆ ಕುರ್ಚಿ ಎಳೆದುಕೊಟ್ಟರು.
ಜಗಲಿಯಲ್ಲಿ ಹಾಕಿ ಸ್ಟಿಕ್, ಮಗನ ಎತ್ತರಕ್ಕೆ ಕೊಯ್ದು
ಹೊಸ ಪಟ್ಟಿ ಸುತ್ತಿದ್ದು.
ನಾಯಿ ಕೂಡ ಬೊಗಳಲಿಲ್ಲ.
‘ಮಕ್ಕಳಾಟ ಅಲ್ವಾ ಮಿಸ್,’ ಎಂದರು ತಾಯಿ.
ಒಳ್ಳೆಯ ಮನೆ. ನಾನು ಹುಡುಕಿದ್ದು ಅಲ್ಲಿರಲಿಲ್ಲ.

ತೋಟದ ದಾರಿಯಲ್ಲಿ ವಾಪಸು ಬಂದು ಚಪ್ಪಲಿ ಬಿಟ್ಟಾಗ
ಹಿಮ್ಮಡಿಯಲ್ಲಿ ರಕ್ತ.
ಇಂಬಳ ಯಾವಾಗ ಹತ್ತಿತೋ. ಕಚ್ಚುವಾಗ ಅದು ನೋಯಿಸುವುದಿಲ್ಲ.
ಉಪ್ಪು ಹಾಕುತ್ತ ಕೂತಿದ್ದೆ,
ಜೂನ್ ತಿಂಗಳ ಆ ಸೋಮವಾರ ನೆನಪಾಯಿತು.

ಮಾರನೇ ದಿನ ಪೆಟ್ಟಿಗೆ ಕಿತ್ತು
ಹುಡುಗರ ಎದೆಮಟ್ಟಕ್ಕೆ ಮೊಳೆ ಹೊಡೆದೆ.
ಪಾಠ ಶುರು ಮಾಡುವ ಮೊದಲು ಹೇಳಿದೆ:
‘ರಂಜೀಶ ಬಂದ ದಿನ ಮೊದಲು ನಕ್ಕದ್ದು ನಾನು.
ತಪ್ಪು ಮಾಡಿದೆ.’
ಇನ್ನೂ ಏನೇನೋ ಬರೆದುಕೊಂಡು ಬಂದಿದ್ದೆ; ಬಾಯಿಗೆ ಬರಲಿಲ್ಲ.
‘ಮಿಸ್, ನೀವು ಸಾರಿ ಕೇಳ್ತಿದೀರಾ?’ ಎಂದಳು ಪೊನ್ನವ್ವ,
ನಂಬಿಕೆಯಾಗದೆ.
ರಂಜೀಶ ಕಿಟಕಿಯಾಚೆ ನೋಡುತ್ತಿದ್ದ,
ಮಾತು ತನ್ನ ಬಗ್ಗೆ ಅಲ್ಲವೆಂಬಂತೆ.
ತಶ್ವಿನ್ ರಬ್ಬರು ಚೂರು ಚೂರು ಮಾಡುತ್ತಿದ್ದ.

ಅಂದೇ ಎಲ್ಲ ಸರಿಹೋಯಿತು ಎಂದು ಬರೆಯಲಾರೆ.
ಊಟದ ಹೊತ್ತಿಗೆ ನಾನೀಗ ಸಾಲಿನ ನಡುವೆ ಕೂರುತ್ತೇನೆ,
ತಟ್ಟೆ ಹಿಡಿದು.
ತಶ್ವಿನ್‌ನನ್ನು ಹೊಡೆಯಲಿಲ್ಲ, ಬೈದು ಹೊರಗೆ ನಿಲ್ಲಿಸಲಿಲ್ಲ.
ಒಂದು ವಾರ ಆಸ್ಯಮ್ಮನ ಜೊತೆ ಸಾರು ಬಡಿಸಲು ಹಚ್ಚಿದೆ,
ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು.
ಮೊದಲ ದಿನ ರಂಜೀಶನ ಮುಂದೆ ಅವನ ಸೌಟು ನಡುಗಿತು,
ಅರ್ಧ ನೆಲಕ್ಕೆ ಚೆಲ್ಲಿತು.
ಶುಕ್ರವಾರ ಪೆಟ್ಟಿಗೆಯಲ್ಲಿ ಒಂದು ಚೀಟಿ:
‘ನಾನೂ ನಗಾಡಿದೀನಿ. ಹೆಸರು ಬರಿಯಲ್ಲ.’

ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ
ಪೆನ್ಸಿಲಿನಲ್ಲಿ ಲೆಕ್ಕವಿಡುತ್ತೇನೆ,
ಅವನು ಬಾಯಿ ಬಿಟ್ಟಾಗ ನಕ್ಕವರದು.
ಹನ್ನೊಂದು. ಏಳು. ಒಂಬತ್ತು. ನಾಲ್ಕು.

ಇಷ್ಟು ದಿನ ಹೆಸರು ಕೂಗಿದರೆ ಅವನು ಕೈ ಎತ್ತುತ್ತಿದ್ದ, ಅಷ್ಟೆ.
ಇಂದು ಶನಿವಾರ, ಬೆಳಗಿನ ಶಾಲೆ, ಹೊರಗೆ ಮಂಜು.
‘ರಂಜೀಶ.’
‘ಹಾಜಯ್, ಮಿಸ್.’

ಇಬ್ಬರು ನಕ್ಕರು.
ಅವನು ಅವರ ಕಡೆ ತಿರುಗಿ
ಇನ್ನೊಮ್ಮೆ ಹೇಳಿದ, ಸ್ವಲ್ಪ ಜೋರಾಗಿ,
‘ಹಾಜಯ್.’

ಮುಂದಿನ ಹೆಸರು ಕೂಗಲು ನನಗೆ ತಡವಾಯಿತು.